ಆ ಎರಡು ಸಾಲು ಅಳಿಸಬೇಡಿ ಅಂದಿದ್ದೆ

ಕೋಡ್ ಕಳಿಸಿ ಅಂದರೆ ಕೋಡ್ ಕಳಿಸಬೇಕು, ಕೋಡಿನ ಫೋಟೊ ಕಳಿಸಬಾರದು. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲ ಪಸೆ ಆರಿಹೋಗಿದೆ. ಫೋಟೊ ಅಂದರೂ ಎಂಥ ಫೋಟೊ! ಕಂಪ್ಯೂಟರ್ ಪರದೆಯ ಮುಂದೆ ಓರೆಯಾಗಿ ನಿಂತು ಹೊಡೆದದ್ದು. ಅರ್ಧ ಪರದೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು, ಉಳಿದರ್ಧದಲ್ಲಿ ಹೊಡೆದವನ ಹೆಬ್ಬೆರಳು, ಮೂಲೆಯಲ್ಲಿ ಕುಡಿದಿಟ್ಟ ಟೀ ಲೋಟ. ಕೆಳಗೆ ಒಂದೇ ಸಾಲು, 'ವರ್ಕ್ ಆಗ್ತಿಲ್ಲ ಮೇಡಂ.' ಏನು ವರ್ಕ್ ಆಗುತ್ತಿಲ್ಲ, ಯಾವ ತಪ್ಪು ತೋರಿಸುತ್ತಿದೆ, ಎಲ್ಲಿ ನಿಂತಿತು, ಒಂದನ್ನೂ ಹೇಳುವುದಿಲ್ಲ. ನಾನೇನು ಅಂಜನ ಹಾಕಿ ನೋಡುವವಳೇ?

ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಮನೆ ಅಗರದಲ್ಲಿ. ಬೆಳಿಗ್ಗೆ ಯಳಂದೂರಿನ ಕಡೆಯಿಂದ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬಸ್ಸು ತೆವಳುವಷ್ಟು ಹೊತ್ತು, ಫೋನಿನಲ್ಲಿ ಒಂದು ಪುಟ್ಟ ಕೋಡ್ ತುಣುಕು ಬರೆದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ದೊಡ್ಡದೇನಲ್ಲ. ಹೆಸರುಗಳ ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗ ತೆಗೆಯುವುದು ಹೇಗೆ, ತಾರೀಖಿನಲ್ಲಿ ತಿಂಗಳು ದಿನ ಅದಲುಬದಲಾಗದಂತೆ ಬರೆಯುವುದು ಹೇಗೆ, ಒಂದು ಫೈಲನ್ನು ತಿದ್ದುವ ಮೊದಲು ನಕಲು ಇಟ್ಟುಕೊಳ್ಳುವುದು ಹೇಗೆ. ನಮ್ಮ ಹುಡುಗರು ಹುಡುಗಿಯರು ಆಫೀಸುಗಳಲ್ಲಿ, ಅಂಗಡಿಗಳಲ್ಲಿ, ಸೊಸೈಟಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಅವರಿಗೆ ದಿನಕ್ಕೊಂದು ಉಪಯೋಗಕ್ಕೆ ಬರಲಿ ಅಂತ ನನ್ನ ಆಸೆ. ಬರುವ ಉತ್ತರ ಏನು? ಕೈಮುಗಿದ ಚಿತ್ರ. ಹೂವಿನ ಚಿತ್ರ. 'ಗುಡ್ ಮಾರ್ನಿಂಗ್ ಮೇಡಂ.' ಯಾರೋ ಒಬ್ಬ, 'ಫುಲ್ ಕೋಡ್ ಕಳ್ಸಿ ಮೇಡಂ.' ಅದೇ ಕಣಪ್ಪ ಫುಲ್ ಕೋಡು! ಇನ್ನೇನು ಅದಕ್ಕೆ ಬಾಲ ಕಟ್ಟಿ ಕಳಿಸಲಾ?

ಓದುವುದಂತೂ ಇಲ್ಲ. ಒಂದು ಸಲ ತರಗತಿಯಲ್ಲಿ ಉದಾಹರಣೆಗೆ ಅಂತ ಊರಿನ ಹೆಸರಿನ ಜಾಗದಲ್ಲಿ ನಮ್ಮ 'ಅಗರ' ಅಂತ ಬರೆದಿದ್ದೆ. 'ಇಲ್ಲಿ ನಿಮ್ಮ ಊರಿನ ಹೆಸರು ಹಾಕಿಕೊಳ್ಳಿ' ಅಂತ ಪಕ್ಕದಲ್ಲೇ ಹೇಳಿಯೂ ಇದ್ದೆ. ಆ ವರ್ಷ ನನ್ನ ಮುಂದೆ ಬಂದ ಪ್ರಾಜೆಕ್ಟುಗಳಲ್ಲಿ ಕುಂತೂರಿನ ಹುಡುಗನೂ ಅಗರದವನಾಗಿದ್ದ, ಹನೂರಿನ ಹುಡುಗಿಯೂ ಅಗರದವಳಾಗಿದ್ದಳು. 'ಲೇ, ನಮ್ಮೂರಿಗೆ ಇಷ್ಟು ಜನ ಬಂದು ಸೇರಿದರೆ ನೀರು ಎಲ್ಲಿಂದ ತರಲಿ?' ಅಂತ ಕೇಳಿದರೆ ತರಗತಿಯೆಲ್ಲ ನಕ್ಕಿತು. ತಿದ್ದಿಕೊಂಡು ಬಂದವರು ಯಾರೂ ಇಲ್ಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ನನಗೆ ಸಹಿಸಲಾಗದ್ದು ಆ ಗುಂಪಿನ ಪಂಡಿತ. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ. ಈಗ ಯಳಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೆಟ್ಟವನಲ್ಲ, ಕೇಳಿದವರಿಗೆಲ್ಲ ಸಹಾಯ ಮಾಡುತ್ತಾನೆ, ಅದೇ ತೊಂದರೆ. ಯಾರು ಏನು ಕೇಳಿದರೂ ನಾನು ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ಅವನ ಉತ್ತರ ಬಿದ್ದಿರುತ್ತದೆ. ಆ ಉತ್ತರವೂ ಯಾವಾಗಲೂ ಒಂದೇ: 'ಎರರ್ ಬತ್ತಿರೋ ಸಾಲು ತೆಗ್ದಾಕು ಬ್ರೋ.' ತೆಗೆದು ಹಾಕಿದರೆ ಎರರ್ ಹೋಗುತ್ತದೆ, ಹೋಗದೆ ಏನು? ಮಗು ಅಳುತ್ತಿದೆ ಅಂತ ಬಾಯಿಗೆ ಬಟ್ಟೆ ತುರುಕಿದರೆ ಅಳು ನಿಲ್ಲುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನು ಉದ್ದಕ್ಕೆ ಬರೆದು ವಿವರಿಸಿದರೆ 'ಓಕೆ ಮೇಡಂ' ಅಂತ ಒಂದು ಕೈಮುಗಿತ.

ಆ ಗುಂಪಿನಲ್ಲಿ ನಿಜವಾಗಿ ಓದುತ್ತಿದ್ದವಳು ಒಬ್ಬಳೇ. ತರಗತಿಯಲ್ಲೂ ಹಾಗೇ ಇದ್ದಳು. ನಾನು ಹಾಕಿದ ತುಣುಕನ್ನು ತಾನೇ ಕೈಯಾರೆ ಬರೆದು, ಓಡಿಸಿ, ಕೆಡಿಸಿ, ಮತ್ತೆ ಸರಿಮಾಡಿ, ಆಮೇಲೆ ಪ್ರಶ್ನೆ ಕೇಳುವವಳು. ಓದು ಮುಗಿದ ಮೇಲೆ ಅದೇ ತರಗತಿಯ ಹುಡುಗನನ್ನೇ ಮದುವೆಯಾದಳು. ದೂರದ ಸಂಬಂಧವಂತೆ, ಮೊದಲೇ ಗೊತ್ತಾಗಿತ್ತಂತೆ. ಅವನು ಕೊನೆಯ ಬೆಂಚಿನವನು. ಹನೂರಿನಿಂದಾಚೆ, ಕಾಡಂಚಿನ ಊರಿಗೆ ಹೋದಳು. ಮನೆಯಲ್ಲಿ ಗಂಡ, ಅತ್ತೆ, ಇವಳು. ಹಿಪ್ಪುನೇರಳೆ ತೋಟ, ಒಂದು ಶೀಟಿನ ಹುಳಮನೆ, ರೇಷ್ಮೆ ಹುಳು ಸಾಕಣೆ.

ಆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಹುಳಮನೆ ಕಾಯುವುದು ಅವಳ ಪಾಲಿನ ಕೆಲಸವಾಗಿತ್ತು. ಬಿಸಿಲೇರಿದರೆ ಶೀಟು ಕಾಯುತ್ತದೆ, ಹುಳು ಬಾಡುತ್ತವೆ. ಆಗಾಗ ಒಳಗೆ ಹೋಗಿ ನೋಡಬೇಕು, ಕಿಟಕಿ ತೆಗೆಯಬೇಕು, ಗೋಣಿಚೀಲ ನೆನೆಸಿ ತೂಗುಹಾಕಬೇಕು. ಅದಕ್ಕೇ ಅವಳು ಎಲ್ಲೂ ಹೋಗುವಂತಿರಲಿಲ್ಲ. ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಬೇಕಂತೆ ಅಂತ ನಾನೇ ಅವಳಿಗೆ ಹೇಳಿದ್ದು. 'ಅತ್ತೇನ ಕೇಳಿ ನೋಡ್ತೀನಿ ಮೇಡಂ' ಅಂದಳು.

ಅತ್ತೆ ಬೇಡ ಅನ್ನಲಿಲ್ಲವಂತೆ. 'ನೀ ಕೆಲಸಕ್ಕ ಓದ್ರ ಮಧ್ಯಾನ ಉಳ ನೋಡ್ಕಳೋರು ಯಾರವ್ವ?' ಅಂದರಂತೆ. ಆಗ ಇವಳು, ಬಿಸಿ ಹೆಚ್ಚಾದರೆ ತಾನೇ ಕೂಗುವ ಮಿಷನ್ ಮಾಡುತ್ತೇನೆ, ಕೂಗಿದಾಗ ನೀವು ಎದ್ದು ಹೋಗಿ ಕಿಟಕಿ ತೆಗೆದರೆ ಸಾಕು ಅಂದಿದ್ದಾಳೆ. ಅತ್ತೆ ಸ್ವಲ್ಪ ಯೋಚನೆ ಮಾಡಿ, 'ಆಯ್ತು, ಈ ಬೆಳ ನಿನ್ ಮಿಷನ್ ನೋಡ್ಕಳ್ಳಿ. ಉಳ ಸುಖವಾಗಿ ಗೂಡು ಕಟ್ಟುದ್ರ ನೀ ಕೆಲಸಕ್ಕ ಓಗು' ಅಂದರಂತೆ. ಒಂದು ಬೆಳೆ ಹುಳು ಗೂಡು ಕಟ್ಟುವುದರ ಮೇಲೆ ಅವಳ ಕೆಲಸ ನಿಂತಿತು.

ಅಲ್ಲಿಂದ ಭಾನುವಾರಗಳೆಲ್ಲ ನಮ್ಮಿಬ್ಬರದೂ ಅದೇ ಮಾತು. ಬಿಸಿ ಅಳೆಯುವ ಒಂದು ಸೆನ್ಸರು, ಅಂಗೈಯಗಲದ ಒಂದು ಬೋರ್ಡು, ಅಂಕಿ ತೋರಿಸುವ ಪುಟ್ಟ ಪರದೆ, ಕೂಗುವ ಬಜರು, ಇವಿಷ್ಟನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದಳು. ಕೋಡು ನಾನು ತುಣುಕು ತುಣುಕಾಗಿ ಗುಂಪಿನಲ್ಲೇ ಹಾಕಿದೆ, ಎಲ್ಲರೂ ಕಲಿಯಲಿ ಅಂತ. ಮುಖ್ಯವಾದ ಮಾತು ಸುಲಭ: ಬಿಸಿ ಇಪ್ಪತ್ತೆಂಟು ದಾಟಿದರೆ ಕೂಗು. ಅದರ ಕೆಳಗೆ ಇನ್ನೆರಡು ಸಾಲು ಬರೆದೆ: ಸೆನ್ಸರು ಉತ್ತರವನ್ನೇ ಕೊಡದಿದ್ದರೆ ಇನ್ನೂ ಜೋರಾಗಿ ಕೂಗು. ಯಾಕೆ ಅಂತಲೂ ಬರೆದೆ. ಸೆನ್ಸರು ಕೆಟ್ಟರೆ ಅದರಿಂದ ಅಂಕಿಯೇ ಬರುವುದಿಲ್ಲ. ಬಾರದ ಅಂಕಿ ಇಪ್ಪತ್ತೆಂಟು ದಾಟುವುದೂ ಇಲ್ಲ. ಒಳಗೆ ಬೆಂಕಿ ಬಿದ್ದರೂ ಮಿಷನ್ ಸುಮ್ಮನೆ ಕೂತಿರುತ್ತದೆ. ಸುಮ್ಮನಿದೆ ಅಂದರೆ ಎಲ್ಲ ಸರಿ ಇದೆ ಅಂತ ಮನುಷ್ಯರು ತಿಳಿದುಕೊಳ್ಳುತ್ತಾರೆ. ಅದಕ್ಕೇ, ದಪ್ಪಕ್ಷರದಲ್ಲಿ, ಆ ಎರಡು ಸಾಲು ಅಳಿಸಬೇಡಿ ಅಂತ ಹಾಕಿದೆ. ಬೇಕಾದಷ್ಟು ಹೂವು ಬಂದವು.

ಅವಳೊಬ್ಬಳೇ ಡಬ್ಬಿ ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದು ಪರೀಕ್ಷೆ ಮಾಡಿದಳು. ಬಿಸಿ ಟೀ ಲೋಟವನ್ನು ಪಕ್ಕದಲ್ಲಿಟ್ಟರೆ ಕೂಗಿತು. ಸೆನ್ಸರಿನ ತಂತಿ ಕಿತ್ತರೆ ಅಟೆಂಡರು ಓಡಿಬರುವಷ್ಟು ಜೋರಾಗಿ ಕೂಗಿತು. ಅವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹುಳು ಬಂದವು, ಡಬ್ಬಿ ಗೋಡೆಗೇರಿತು. ಕೂಗಿದಾಗಲೆಲ್ಲ ಅತ್ತೆ ಎದ್ದು ಹೋಗಿ ಕಿಟಕಿ ತೆಗೆದರು. 'ನಿನ್ ಮಿಷನ್ನು ನಿನ್ಗಿಂತ ಚುರುಕಾಗದ ಕನ' ಅಂತ ಸೊಸೆಯನ್ನು ಕಿಚಾಯಿಸಿದರಂತೆ. ಹುಳು ಒಂದೊಂದೇ ಜ್ವರ ದಾಟಿದವು. ಪೊರೆ ಬಿಡುವುದಕ್ಕೆ ಸೊಪ್ಪು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಅಂತಲೇ ಅನ್ನುವುದು. ಕೊನೆಯ ಜ್ವರದಿಂದ ಎದ್ದು ಬಕಬಕನೆ ಸೊಪ್ಪು ತಿನ್ನುವ ಹೊತ್ತಿಗೆ ಸರಿಯಾಗಿ ಆಯುಧಪೂಜೆ ಬಂತು.

ಆಯುಧಪೂಜೆ ಅಂದ ಮೇಲೆ ಕೇಳಬೇಕೆ? ಕುಡುಗೋಲು, ಗುದ್ದಲಿ, ಮೋಟರು, ಮೊಪೆಡ್ಡು, ಸೊಪ್ಪು ಕತ್ತರಿಸುವ ಮಣೆ, ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಬೊಟ್ಟು. ದುಡಿಯುವ ಯಾವ ಸಾಮಾನನ್ನೂ ಬಿಡುವಂತಿಲ್ಲ. ಸೊಸೆ ಅಡುಗೆಮನೆಯಲ್ಲಿದ್ದಾಗ ಅತ್ತೆ ಭಕ್ತಿಯಿಂದ ಡಬ್ಬಿಯನ್ನು ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಪಟ್ಟೆ ಬಳಿದು, ನಡುವೆ ಕುಂಕುಮ ಇಟ್ಟು, ಆ ಸೆನ್ಸರಿನ ಸಣ್ಣ ಸಣ್ಣ ತೂತುಗಳಲ್ಲಿ ಸೇವಂತಿಗೆ ಹೂವಿನ ತೊಟ್ಟು ಸಿಕ್ಕಿಸಿದ್ದಾರೆ. ಗಾಳಿಯಾಡಲಿ ಅಂತ ಇರುವ ತೂತು ಅವು! ಹೂವು ನಿಲ್ಲುವುದಕ್ಕೇ ಮಾಡಿದ ಹಾಗೆ ಕಂಡವಂತೆ. ಹುಳುವಿಗೆ ಹೊಗೆ ಆಗದು ಅಂತ ಊದಿನಕಡ್ಡಿ ಮಾತ್ರ ಹೊರಗೇ ಹಚ್ಚಿದ್ದಾರೆ. ಹುಳುವಿನ ಬಗ್ಗೆ ಇದ್ದ ಅಷ್ಟು ಎಚ್ಚರ ಡಬ್ಬಿಯ ಬಗ್ಗೆ ಇರಲಿಲ್ಲ.

ಅವಳು ನೋಡಿ, ಒರೆಸಿ, ಹೂವು ಕಿತ್ತು ಮತ್ತೆ ಗೋಡೆಗೆ ಹಾಕಿದಳು. ಆದರೆ ವಿಭೂತಿ ಒಳಗೆ ಇಳಿದಿತ್ತು. ಸೆನ್ಸರು ಒಮ್ಮೆ ಉತ್ತರ ಕೊಡುತ್ತದೆ, ಒಮ್ಮೆ ಇಲ್ಲ. ಉತ್ತರ ಬಾರದಾಗೆಲ್ಲ ಬಜರು ಕಿರುಚುತ್ತದೆ. ನನಗೆ ಫೋನ್ ಮಾಡಿದಳು. 'ಅದು ಕಿರುಚುವುದೇ ಸರಿ, ಕಣ್ಣು ಕಾಣದು ಅಂತ ಹೇಳುತ್ತಿದೆ, ಹೊಸ ಸೆನ್ಸರು ಹಾಕು' ಅಂದೆ. ನನ್ನ ಹತ್ತಿರ ಒಂದು ಇತ್ತು. ಮರುದಿನ ರಜೆಯಾದ್ದರಿಂದ ಅದರ ಮರುದಿನ ಅವಳಿಗೆ ಆ ಶಾಲೆಯಲ್ಲಿ ಪಾಠ ಮಾಡಿ ತೋರಿಸುವುದಿತ್ತು, ಕೊಳ್ಳೇಗಾಲಕ್ಕೆ ಹೇಗೂ ಬರುತ್ತಾಳೆ. ಪಾಠ ಮುಗಿಸಿ ನನ್ನಿಂದ ಸೆನ್ಸರು ಇಸಿದುಕೊಂಡು ಹೋಗುವುದು ಅಂತ ಮಾತಾಯಿತು. ಗಂಡನಿಗೆ ಬಿಡಿಸಿ ಬಿಡಿಸಿ ಹೇಳಿ ಬಂದಿದ್ದಳು: 'ಕೂಗುದ್ರೆ ಕಿಟಕಿ ತೆಗೀರಿ, ಅಷ್ಟೇ. ಡಬ್ಬಿ ಮುಟ್ಬೇಡಿ.'

ಅವತ್ತು ಊಟದ ಬಿಡುವಿನಲ್ಲಿ ಸ್ಟಾಫ್‌ರೂಮಿನಲ್ಲಿ ಕೂತು ಫೋನ್ ತೆಗೆದೆ. ಗುಂಪಿನಲ್ಲಿ ಸಂತೆ ಸೇರಿದೆ. ಬೆಳಿಗ್ಗೆಯೇ ಇವಳ ಗಂಡ ಕೇಳಿದ್ದಾನೆ, 'ಮಿಷನ್ ಸುಮ್ನೆ ಕೂಗ್ತದೆ, ತಲೆ ಕೆಟ್ಟೋಯ್ತು, ಏನ್ ಮಾಡದು?' ಕೆಳಗೆ ನಮ್ಮ ಯಳಂದೂರಿನ ಪಂಡಿತ. 'ಆ ಲಾಸ್ಟ್ ಎರಡು ಲೈನ್ ತೆಗ್ದಾಕು ಬ್ರೋ. ಅದ್ರ ಬದ್ಲು ಇದು ಹಾಕು.' ಹಾಕಿಕೊಟ್ಟದ್ದೇನು? ಉತ್ತರ ಬರದಿದ್ದರೆ ಹಿಂದಿನ ಉತ್ತರವನ್ನೇ ತೋರಿಸು! ಹೆಂಡತಿಯ ಲ್ಯಾಪ್‌ಟಾಪಿನಿಂದ ಅದನ್ನೇ ಡಬ್ಬಿಗೆ ತುಂಬಿದ ಗಂಡ ಕೆಳಗೆ ಬರೆದಿದ್ದಾನೆ, 'ಸೂಪರ್ ಬ್ರೋ, ಸೌಂಡ್ ನಿಂತೋಯ್ತು,' ಜೊತೆಗೆ ಡಬ್ಬಿಯ ಫೋಟೊ. ಪರದೆಯಲ್ಲಿ ಇಪ್ಪತ್ತಾರು. ಎಲ್ಲರದೂ ಚಪ್ಪಾಳೆ. ಆಗಷ್ಟೇ ಇನ್ನೊಂದು ಫೋಟೊ ಬಂದು ಬಿದ್ದಿತ್ತು. ಹುಳಮನೆ ಬಾಗಿಲಿನ ಗಾಜಿನಾಚೆ ಡಬ್ಬಿ, ಬಾಗಿಲ ಮೇಲೆ ಸುಡುಬಿಸಿಲು, ಪರದೆಯಲ್ಲಿ ಅದೇ ಇಪ್ಪತ್ತಾರು. 'ಕೂಲ್ ಕೂಲ್' ಅಂತ ಬರೆದಿದ್ದ.

ಸೆನ್ಸರು ಪೂರಾ ಸತ್ತಿದೆ, ಡಬ್ಬಿ ಬೆಳಿಗ್ಗೆಯ ಅಂಕಿಯನ್ನೇ ತೋರಿಸುತ್ತಿದೆ. ಕೊಳ್ಳೇಗಾಲದಲ್ಲಿ ಫ್ಯಾನಿನ ಕೆಳಗೆ ಕೂತ ನನಗೇ ಬೆವರಿಳಿಯುತ್ತಿದೆ. ಹನೂರಿನಾಚೆ ಶೀಟಿನ ಕೆಳಗೆ ಬೆಳಿಗ್ಗೆಯಿಂದ ಇಪ್ಪತ್ತಾರೇ ಇರಲು ಅದೇನು ಹಿಮಾಲಯವೇ? ಇವಳಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ತರಗತಿಯಲ್ಲಿ ನಿಂತಿರುತ್ತಾಳೆ. ಗಂಡನಿಗೆ ಮಾಡಿದೆ. ಎತ್ತಿದ.

'ಒಳಗೆ ಹೋಗಿ ನೋಡಪ್ಪ, ಆ ಅಂಕಿ ಸುಳ್ಳು!'

'ಇಲ್ಲ ಮೇಡಂ, ಇಪ್ಪತ್ತಾರೇ ಅದ. ನಾನೇ ನೋಡ್ದಿ ಗಾಜ್ನಿಂದ.'

'ಗಾಜಿನಿಂದಲ್ಲ ಕಣೋ, ಒಳಗೆ ಹೋಗು!'

'ಒಳೀಕ್ ಓಗಂಗಿಲ್ಲ ಮೇಡಂ. ಬೆಳಿಗ್ಗ ಡಬ್ಬಿ ತಗಲಾಕುದ್ ಮ್ಯಾಲ ಪಕ್ಕದ್ ವೊಲುಕ್ಕ ಔಷ್ದಿ ಒಡ್ದಿವ್ನಿ. ಉಳುಗ ಆಗಲ್ಲ.'

ಅದೊಂದು ನಿಜ. ಔಷಧಿ ಹೊಡೆದವನು ಹುಳಮನೆಗೆ ಕಾಲಿಟ್ಟರೆ ಹುಳು ಉಳಿಯುವುದಿಲ್ಲ. ಹಾಗಾದರೆ ನಿಮ್ಮಮ್ಮನನ್ನು ಕಳಿಸು ಅಂದೆ. 'ಸೊಪ್ಪು ಕೂಯ್ತಾವ್ಳ, ಬಂದ್ ಮ್ಯಾಲ ಏಳ್ತೀನಿ' ಅಂತ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಅಯ್ಯೋ ನನ್ನ ಕರ್ಮವೇ! ಸೆನ್ಸರು ನನ್ನ ಚೀಲದಲ್ಲೇ ಇತ್ತು. ಅರ್ಧ ದಿನ ರಜೆ ಬರೆದುಕೊಟ್ಟು, ಶಾಲೆಯ ಗೇಟಿನಲ್ಲಿ ಅವಳಿಗೆ ಹೇಳಿ ಅಂತ ಒಂದು ಮಾತು ಬಿಟ್ಟು, ಮಾದಪ್ಪನ ಬೆಟ್ಟದ ಬಸ್ಸು ಹತ್ತಿದೆ.

ಬಸ್ಸು ತುಂಬ ಬೆಟ್ಟಕ್ಕೆ ಹೋಗುವ ಹರಕೆಯವರು. ಒಂದು ಕಾಲ ಮೇಲೆ ನಿಂತುಕೊಂಡೇ ಗುಂಪಿಗೆ ಬರೆದೆ: 'ಆ ಸಾಲು ಅಳಿಸಿದ್ದು ತಪ್ಪು. ಯಾರೂ ಹೀಗೆ ಮಾಡಬೇಡಿ. ಮಿಷನ್ ಕಿರುಚಿದರೆ ಯಾಕೆ ಕಿರುಚುತ್ತಿದೆ ಅಂತ ಮೊದಲು ನೋಡಿ.' ಪಂಡಿತ ಕೈಮುಗಿದ. ಇನ್ನೊಬ್ಬ 'ನೋಟೆಡ್ ಮೇಡಂ' ಅಂದ. ಅದರ ಹಿಂದೆಯೇ ಯಾರೋ ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕಿದರು. ಫೋನನ್ನು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತು. ಹನೂರಿನಲ್ಲಿ ಇಳಿದು ಆಟೊ ಹಿಡಿದೆ.

ಹೋಗಿ ನೋಡಿದರೆ ಅತ್ತೆ ಆಗತಾನೇ ಸೊಪ್ಪಿನ ಹೊರೆ ಇಳಿಸಿ ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಾರೆ. ನನ್ನನ್ನು ಕಂಡು ಸಂತೋಷವಾಗಿ, 'ಬನ್ನಿ ಮೇಡಮ್ಮೋರೆ, ನಿಮ್ ಮಿಷನ್ನು ಈಗ ಬಾಳ ಚೆಂದಾಗದ. ಬೆಳಿಗ್ಗಿಂದ ಕೂಗೇ ಇಲ್ಲ' ಅಂದರು. ಮಗ ಅಂಗಳದ ಮರದಡಿ ನಿಂತು ಫೋನ್ ನೋಡುತ್ತಿದ್ದ. ಅವನ ಕಡೆ ತಿರುಗಿಯೂ ನೋಡದೆ ಚಪ್ಪಲಿ ಬಿಟ್ಟು, ಸೋಂಕು ಕಳೆಯಲು ಬಾಗಿಲಲ್ಲಿಟ್ಟ ಸುಣ್ಣದ ನೀರಲ್ಲಿ ಕಾಲದ್ದಿ, ಅತ್ತೆಯನ್ನು ಎಳೆದುಕೊಂಡೇ ಹುಳಮನೆಯ ಬಾಗಿಲು ತೆಗೆದೆ.

ಬಿಸಿ ಮುಖಕ್ಕೆ ಹೊಡೆಯಿತು. ಒಲೆಯ ಮುಂದೆ ಬಗ್ಗಿದ ಹಾಗಿತ್ತು. ಹಾಕಿದ ಸೊಪ್ಪು ಒಣಗಿ ಸುರುಟಿಕೊಂಡಿತ್ತು. ಮಳೆ ಬಂದಂತೆ ಸದ್ದು ಮಾಡಿ ತಿನ್ನಬೇಕಾದ ಹುಳುಗಳು ತಿನ್ನುವುದು ಬಿಟ್ಟು ತಲೆಯೆತ್ತಿಕೊಂಡು ಅಂತಸ್ತು ಅಂತಸ್ತಾಗಿ ಕಟ್ಟಿದ ಅಟ್ಟಣೆಯ ಅಂಚಿಗೆ ಹರಿದು ಬರುತ್ತಿದ್ದವು. ಕೆಲವು ಕೆಳಗೆ ಬಿದ್ದಿದ್ದವು. ಗೋಡೆಯ ಮೇಲೆ ಡಬ್ಬಿ, ಹಣೆಯ ಮೇಲೆ ಇನ್ನೂ ಅಳಿಯದ ಕುಂಕುಮ, ಪರದೆಯಲ್ಲಿ ಇಪ್ಪತ್ತಾರು.

'ಅಯ್ಯಯ್ಯೋ, ಮಾದಪ್ಪಾ!' ಅಂತ ಆ ಹೆಂಗಸು ಎದೆ ಹೊಡೆದುಕೊಂಡರು. ಆಮೇಲೆ ಅಳಲು ಪುರುಸೊತ್ತಿರಲಿಲ್ಲ. ಕಿಟಕಿಗಳನ್ನೆಲ್ಲ ತೆಗೆದೆವು, ಗೋಣಿಚೀಲ ನೆನೆಸಿ ತೂಗುಹಾಕಿದೆವು. ನನ್ನ ಸೀರೆ ಮೊಳಕಾಲವರೆಗೂ ಒದ್ದೆ. ಮಗ ಹೊರಗಿನಿಂದಲೇ ಪೈಪು ಹಿಡಿದು ಶೀಟಿನ ಮೇಲೆ ನೀರು ಬಿಟ್ಟ. ಅತ್ತೆ ಎಳೆ ಸೊಪ್ಪು ಹಾಕಿದರು. ಬಹಳ ಹೊತ್ತಾದ ಮೇಲೆ ಹುಳು ಒಂದೊಂದೇ ತಲೆ ಬಗ್ಗಿಸಿ ತಿನ್ನತೊಡಗಿದವು. ಶೀಟಿಗೆ ಹತ್ತಿರವಿದ್ದ ಮೇಲಿನ ಅಂತಸ್ತಿನ ಹುಳು ಮಾತ್ರ ಹೋದವು. ಉಳಿದವು ಬದುಕಿದವು. ಗೂಡು ಆಗುತ್ತದೆ, ಆದರೆ ನೆನೆಸಿದಷ್ಟು ಆಗುವುದಿಲ್ಲ.

ಅವಳು ಬಂದದ್ದು ಹೊತ್ತು ಇಳಿದ ಮೇಲೆ. ಗೇಟಿನವನು ಹೇಳಿದ್ದನಂತೆ, ಬಸ್ಸಿಳಿದು ಓಡಿಕೊಂಡೇ ಬಂದಿದ್ದಳು. ಕೈಯಲ್ಲಿ ಒಂದು ಸಿಹಿ ಪೊಟ್ಟಣ. ಕೇಳಬೇಕಾಗಿಯೇ ಇರಲಿಲ್ಲ, ಕೆಲಸ ಆಗಿತ್ತು. ಸೋಮವಾರದಿಂದ ಬರಲು ಹೇಳಿದ್ದರು. ಆ ಪೊಟ್ಟಣವನ್ನು ಜಗಲಿಯ ಮೂಲೆಯಲ್ಲಿಟ್ಟು ಹುಳಮನೆಗೆ ಹೋದಳು, ಮೇಲಿನ ಅಂತಸ್ತು ನೋಡಿದಳು, ಡಬ್ಬಿಯ ಮುಂದೆ ನಿಂತಳು, ಹೊರಗೆ ಬಂದು ಗಂಡನನ್ನು ನೋಡಿದಳು. 'ಮುಟ್ಬೇಡಿ ಅಂದಿದ್ನಲ್ಲ' ಅಂದಳು, ಅಷ್ಟೇ.

'ಗ್ರೂಪಲ್ಲಿ ಏಳುದ್ರು' ಅಂದ ಅವನು.

ನನಗೆ ತಡೆಯಲಾಗಲಿಲ್ಲ. 'ಗ್ರೂಪಲ್ಲಿ ನಾನೂ ಹೇಳಿದ್ದೆನಲ್ಲಪ್ಪ! ದಪ್ಪಕ್ಷರದಲ್ಲಿ ಹೇಳಿದ್ದೆನಲ್ಲ! ಅದು ಕಣ್ಣಿಗೆ ಕಾಣಲಿಲ್ಲವಾ? ಕಟ್ಟಿಕೊಂಡವಳು ಹೇಳಿದ್ದು ಕಿವಿಗೆ ಬೀಳಲಿಲ್ಲವಾ?' ಅಂತ ಅವರ ಮನೆಯ ಅಂಗಳದಲ್ಲಿ ನಿಂತು ಅವರ ಮಗನನ್ನೇ ಬೈದೆ. ಅತ್ತೆಗೂ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಮಿಷನ್ ಕೆಟ್ಟಿರಲಿಲ್ಲ, ಕಾಣುತ್ತಿಲ್ಲ ಅಂತ ಕೂಗಿ ಹೇಳುತ್ತಿತ್ತು, ಇವನು ಅದರ ಬಾಯಿ ಮುಚ್ಚಿಸಿದ, ಸುಳ್ಳು ಹೇಳುವುದನ್ನೂ ಕಲಿಸಿದ ಅಂತ. ಆಕೆ ಸಮಾಧಾನವಾಗಿ ಪೂರಾ ಕೇಳಿದರು. ಪೂಜೆ ಮಾಡಿದ್ದು ತನ್ನದೂ ತಪ್ಪು ಅಂತ ಒಪ್ಪಿಕೊಂಡರು. ಅರ್ಥವಾಯಿತು ಅಂತ ನಾನು ಅಂದುಕೊಂಡೆ.

ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದರು, 'ನೋಡವ್ವ, ನೀನಿದ್ದಷ್ಟು ದಿನ ಅದು ಸರಿಯಾಗಿತ್ತು. ನೀ ಒಂದ್ ದಿನ ಆಚ್ಗ ಕಾಲಿಟ್ಟಿ, ಇಂಗಾಯ್ತು. ಇವ್ನಿಗ ಗ್ಯಾನ ಇಲ್ಲ, ನಂಗ ತಿಳಿಯಲ್ಲ. ಅದ್ನ ಬಲ್ಲವ್ಳು ನೀನೊಬ್ಳೇ. ಉಳುಗೂ ನೀನೇ ಬೇಕು, ಮಿಷನ್ಗೂ ನೀನೇ ಬೇಕು. ಕೆಲ್ಸ ಗಿಲ್ಸ ಬ್ಯಾಡ, ಅಟ್ಟೀಲಿರು.'

ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಹೊಗಳಿದ ಹಾಗೇ ಹೇಳಿದರು. ಆ ಮನೆಯಿಂದ ಹೊರಗೆ ಹೋಗಲು ಅಂತ ಕಟ್ಟಿದ ಮಿಷನ್ನು. ಈಗ ಅದನ್ನು ನೋಡಿಕೊಳ್ಳಲು ಅವಳು ಮನೆಯಲ್ಲಿರಬೇಕಂತೆ. ಕೆಡಿಸಿದವನು ಆರಾಮಾಗಿ ಕೈಕಟ್ಟಿ ನಿಂತಿದ್ದಾನೆ, ಅವನಿಗೆ ತಿಳಿಯದು ಅನ್ನುವುದೇ ಅವನಿಗೆ ಬಿಡುಗಡೆ. ಏನು ನ್ಯಾಯ ಇದು? ನಾನು ಚೀಲದಿಂದ ಹೊಸ ಸೆನ್ಸರು ತೆಗೆದು, 'ಇದನ್ನು ಹಾಕಿಬಿಡುತ್ತೇವೆ, ಆ ಸಾಲುಗಳನ್ನೂ ವಾಪಸ್ ಹಾಕುತ್ತೇವೆ, ಮೊದಲಿನ ಹಾಗೇ ಆಗುತ್ತದೆ' ಅಂತ ಶುರುಮಾಡಿದೆ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಡಬ್ಬಿಯನ್ನೇ ಗೋಡೆಯಿಂದ ಕಿತ್ತು ತಂದಳು. ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಕೈಗೆ ಕೊಟ್ಟಳು.

'ಇದ ನೀವು ಲ್ಯಾಬಿಗೆ ತಕಂಡೋಗಿ ಮೇಡಂ' ಅಂದಳು. ಆಮೇಲೆ ಅತ್ತೆಗೆ, 'ಮಿಷನ್ ಇದ್ರ ತಾನೆ ನಾ ಇರ್ಬೇಕು? ಮಿಷನ್ನೇ ಬ್ಯಾಡ. ನಾ ಬರಾಕ ಮುಂಚ ನೀವು ಎಂಗ ಸಾಕ್ತಿದ್ರೋ ಅಂಗೇ ಸಾಕಿ ಅತ್ತ. ಕೈಕಾಲು ತೊಳ್ಕಂಡು ನಿಮ್ ಮಗ ಒಳೀಕ್ ಓಗಿ ನೋಡ್ಲಿ. ನಾ ಸೋಮಾರ ಕೆಲ್ಸುಕ್ಕ ಓಯ್ತೀನಿ.'

ಎಷ್ಟು ಭಾನುವಾರ ಕೂತು ಅದನ್ನು ಮಾಡಿದ್ದಳು ಅಂತ ನನಗೆ ಗೊತ್ತು. ಬೇಡ ಕಣೇ ಅನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಅತ್ತೆ ಹುಳಮನೆಯ ಕಡೆ ನೋಡಿದರು, ಮಗನ ಕಡೆ ನೋಡಿದರು. ಅವನು ಫೋನನ್ನು ಜೇಬಿಗಿಟ್ಟುಕೊಂಡ. ಕೊನೆಗೆ ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು, 'ಓಗು ಅಂಗಾರ. ಮಧ್ಯಾನ ಉಳ ನಾ ನೋಡ್ಕತೀನಿ. ಅವ್ನಿಗ ನಿದ್ದ ಬಿಟ್ ಏಳಾಕಾಗಲ್ಲ. ಬೆಳಿಗ್ಗ ಬಸ್ಸುಗ ಮುಂಚ ಎದ್ದು ಸೊಪ್ಪು ಕೂದು, ಉಳುಗ ಆಕಿ, ಅಟ್ಟಿ ಅಡ್ಗ ಮಾಡ್ಬುಟ್ಟು ಓಗು. ಸಂಜ ಬಂದು ಕಸ ತೆಗ್ದು ಮತ್ತ ಸೊಪ್ಪಾಕು.'

ಇವನೇನು ಮಾಡುತ್ತಾನೆ ಹಾಗಾದರೆ, ಅಂತ ಕೇಳಲು ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅವಳು 'ಊ ಅತ್ತ, ಆಕ್ತೀನಿ' ಅಂದುಬಿಟ್ಟಳು. ನಗುತ್ತಿದ್ದಳು. ಆ ಸಿಹಿ ಪೊಟ್ಟಣ ಬಿಚ್ಚಿ ಮೊದಲು ಅತ್ತೆಯ ಬಾಯಿಗೆ ಇಟ್ಟಳು, ಆಮೇಲೆ ಗಂಡನಿಗೆ.